ನಂಬರ್ ಇಳಿದರೆ ಮಗು

ನನ್ನ ಹತ್ತಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಹಾಸಿಗೆ ಹೊಲಿಯುವ ಮುದುಕಿಯನ್ನು ಎಲ್ಲರೂ ದಬ್ಬಳಜ್ಜಿ ಎಂದೇ ಕರೆಯುತ್ತಾರೆ. ಗೇಣುದ್ದದ ದಬ್ಬಳ ಕೈಯಲ್ಲಿದ್ದರೆ ಆಕೆಯ ಬಾಯಿಗೆ ಬೀಗವಿಲ್ಲ. "ನಿನ್ನ ಗಂಡ ಗೊರಕೆ ಹೊಡೆಯೋದು ಹಾಸಿಗೆ ತಪ್ಪಲ್ಲಮ್ಮ, ಅವನನ್ನೇ ಬಿಚ್ಚಿ ಮತ್ತೆ ತುಂಬಿಸ್ಕೋ" ಎಂದು ಗಿರಾಕಿಗೇ ಹೇಳುವವಳು.

ಅಂಥವಳು ಮೊಮ್ಮಗಳು ಹುಟ್ಟುವ ಹೊತ್ತಿಗೆ ಮೆತ್ತಗಾದಳು. ಸುಸ್ತು ಎಂದು ರಕ್ತ ಪರೀಕ್ಷೆ ಮಾಡಿಸಿದರೆ ಹೆಪಟೈಟಿಸ್ ಸಿ ಎಂದು ಬಂತು. ಹಿಂದೆಂದೋ ಹಾಕಿಸಿಕೊಂಡ ರಕ್ತದಿಂದ ಬಂದಿರಬಹುದು, ಮೂರು ತಿಂಗಳು ಮಾತ್ರೆ ನುಂಗಿದರೆ ವಾಸಿಯಾಗುತ್ತದೆ, ಮುಟ್ಟಿದರೆ ಎತ್ತಿಕೊಂಡರೆ ಯಾರಿಗೂ ಅಂಟುವುದಿಲ್ಲ ಎಂದೆಲ್ಲ ಡಾಕ್ಟರಮ್ಮ ಹೇಳಿದ್ದರಂತೆ. ಮಗನ ಕಿವಿಯಲ್ಲಿ ಉಳಿದದ್ದು ಮಾತ್ರ "ರಕ್ತದಿಂದ ಹರಡುತ್ತೆ" ಎಂಬ ಒಂದೇ ಮಾತು. ಅಮ್ಮನ ಬೆರಳಿಗೆ ಆಗಾಗ ದಬ್ಬಳ ಚುಚ್ಚುತ್ತದೆಂಬುದು ಅವನಿಗೆ ಗೊತ್ತಿತ್ತು. ಸೊಸೆಯೋ, ಎರಡು ಕೂಸು ಕಳೆದುಕೊಂಡು ಇದೊಂದನ್ನು ಉಳಿಸಿಕೊಂಡವಳು. ಜೀವ ಕೈಯಲ್ಲಿ ಹಿಡಿದುಕೊಂಡೇ ಇರುತ್ತಾಳೆ. ಕೂಸನ್ನು ಅತ್ತೆಯ ಕೈಗೆ ಕೊಡಲೇ ಇಲ್ಲ. ಅವಳನ್ನು ಬೈಯಲು ನನಗೂ ಬಾಯಿ ಬರುವುದಿಲ್ಲ.

ಮಾತ್ರೆ ಶುರುವಾದ ಮೇಲೆ ಬಂದ ಮೊದಲ ವರದಿಯಲ್ಲಿ ಲಿವರ್ ಎಂಜೈಮ್ ಇಳಿದಿತ್ತು. ಮಗ ಕುಣಿದಾಡಿಬಿಟ್ಟ. ಆ ಸಂಜೆ ಸೊಸೆ ತಾನೇ ಕೂಸನ್ನು ತಂದು ಅತ್ತೆಯ ಮಡಿಲಿಗೆ ಹಾಕಿದಳು. ಅಲ್ಲಿಂದ ಆ ಮನೆಯಲ್ಲಿ ಅದೇ ಕಾನೂನಾಯಿತು: ನಂಬರ್ ಇಳಿದರೆ ಮಗು, ಏರಿದರೆ ಇಲ್ಲ. ಹಾಳಾಗಿ ಹೋಗಲಿ ಅಂಥ ಕಾನೂನು! ಆ ನಂಬರ್ ಲಿವರಿಗೆ ಎಷ್ಟು ಪೆಟ್ಟಾಗಿದೆ ಎಂದು ಹೇಳುತ್ತದೆಯೇ ಹೊರತು, ರೋಗ ಅಂಟುತ್ತದೋ ಇಲ್ಲವೋ ಎಂದಲ್ಲ. ಆಗ ಅದು ನನಗೂ ಗೊತ್ತಿರಲಿಲ್ಲ.

ಮುಂದಿನ ವರದಿಯಲ್ಲಿ ನಂಬರ್ ಮೂರು ಪಟ್ಟು ಏರಿತು. ಸೊಸೆ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಅಜ್ಜಿ ಸೊಸೆಯ ಕೋಣೆಯ ಬಾಗಿಲಾಚೆ ಸ್ಟೂಲು ಹಾಕಿಕೊಂಡು, ಅಲ್ಲಿಂದಲೇ ಚಪ್ಪಾಳೆ ತಟ್ಟಿ ಕೂಸನ್ನು ಆಡಿಸತೊಡಗಿದಳು. ಅಂಗಡಿಗೆ ಬಂದರೆ ದಾರ ಪೋಣಿಸುವುದನ್ನೂ ಮರೆತು ಕೂರುತ್ತಿದ್ದಳು.

"ಸಾಹುಕಾರ್ರೇ, ಇನ್ನೂ ಏರಿದ್ರೆ ಮಾತ್ರೇನೇ ನಿಲ್ಲಿಸ್ಬೇಕಾಗಬಹುದಂತೆ. ಆಮೇಲೆ ನನ್ನ ಕೂಸು ನನಗೆ ದೂರಾನೇ" ಎಂದು ಒಂದು ದಿನ ಕಣ್ಣೊರೆಸಿಕೊಂಡಳು. ಮುಂದಿನ ಸಲ ಮಗನಿಗೆ ರಜೆ ಸಿಗಲಿಲ್ಲ. ಅಂಗಡಿ ಮುಚ್ಚಿ ನಾನೇ ಜೊತೆಗೆ ಹೋದೆ.

ಡಾಕ್ಟರಮ್ಮ ವರದಿ ನೋಡಿ ಹುಬ್ಬು ಗಂಟಿಕ್ಕಿದರು. "ರಕ್ತದಲ್ಲಿ ವೈರಸ್ ಕಾಣ್ತಾನೇ ಇಲ್ಲ. ಆದ್ರೂ ಎಂಜೈಮ್ ಇನ್ನೂ ಏರಿದೆ. ನಾನು ಕೊಟ್ಟಿದ್ದು ಬಿಟ್ಟು ಬೇರೆ ಏನು ತಗೋತಿದ್ದೀರಿ ಅಜ್ಜಿ?"

"ಏನೂ ಇಲ್ಲ ತಾಯಿ. ಲಿವರ್ ಟಾನಿಕ್ ಅಷ್ಟೇ. ಅಂಗಡೀಲಿ ಸಿಗುತ್ತಲ್ಲ, ಗಿಡಮೂಲಿಕೇದು."

"ಎಷ್ಟು ಕುಡೀತೀರಿ?"

"ಮೊದಲ ಸಲ ನಂಬರ್ ಇಳೀತಲ್ಲ, ಹಾಗೇ ಇಳೀತಿರ್ಲಿ ಅಂತ ಒಂದು ಮುಚ್ಚಳ ಶುರು ಮಾಡಿದೆ. ನಂಬರ್ ಏರಿದ್ಮೇಲೆ ಎರಡು." ಅಜ್ಜಿ ಬೆರಳು ಹಿಸುಕಿಕೊಂಡಳು. "ಈಗ ಬೇಗ ಇಳೀಲಿ ಅಂತ ಲೋಟಕ್ಕೇ ಸುರ್ಕೋತೀನಿ."

ಅಯ್ಯೋ ಕರ್ಮವೇ! ಕೂಸಿನ ಆಸೆಗೆ ಕುಡಿದಷ್ಟೂ ನಂಬರ್ ಏರುತ್ತಿತ್ತು, ಏರಿದಷ್ಟೂ ಕೂಸು ದೂರ, ದೂರವಾದಷ್ಟೂ ಇನ್ನೊಂದು ಲೋಟ. ಆ ಬಾಟಲಿ ಮಾರಿದವನ ಮೇಲೆ ನನಗೆ ಮೈಯೆಲ್ಲ ಉರಿದುಹೋಯಿತು.

"ಇದು ಅದರದ್ದೇ ಕಿತಾಪತಿ ಅನ್ಸುತ್ತೆ. ಇವತ್ತೇ ನಿಲ್ಲಿಸಿ. ಮಾತ್ರೆ ಬಿಡ್ಬೇಡಿ, ಮುಂದಿನ ವಾರ ಮತ್ತೆ ರಕ್ತ ನೋಡೋಣ" ಎಂದರು ಡಾಕ್ಟರಮ್ಮ.

"ಹಾಗಾದ್ರೆ ಕೂಸು?" ಎಂದಳು ಅಜ್ಜಿ.

ಡಾಕ್ಟರಮ್ಮನಿಗೆ ತಲೆಬುಡ ತಿಳಿಯಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಮೊದಲ ದಿನದಿಂದ್ಲೂ ಎತ್ಕೋಬಹುದಿತ್ತಲ್ಲ ಅಜ್ಜಿ! ಬೆರಳಿಗೆ ಗಾಯ ಆಗಿದ್ರೆ ಪಟ್ಟಿ ಹಾಕ್ಕೊಂಡ್ರೆ ಸಾಕಿತ್ತು." ಮಗನಿಗೂ ಫೋನಿನಲ್ಲಿ ಬಿಡಿಸಿ ಬಿಡಿಸಿ ಹೇಳಿದರು.

ನಾವು ಮನೆ ಮುಟ್ಟುವಷ್ಟರಲ್ಲಿ ಗಂಡನಿಂದ ಸೊಸೆಗೆ ಸುದ್ದಿ ಹೋಗಿತ್ತು. ಅತ್ತು ಅತ್ತು ಅವಳ ಮುಖ ಊದಿತ್ತು. "ತಪ್ಪಾಯ್ತು ಅತ್ತೆ" ಎಂದು ಅಜ್ಜಿಯನ್ನು ಕೂರಿಸಿ, ಕೂಸನ್ನು ಮಡಿಲಲ್ಲಿ ಮಲಗಿಸಿದಳು. ಕೂಸು ಅಜ್ಜಿಯ ಮುಖ ನೋಡಿ ಬೊಚ್ಚುಬಾಯಿ ಬಿಟ್ಟು ನಕ್ಕಿತು.

ಅಜ್ಜಿ ಎರಡೂ ಕೈಗಳನ್ನು ಮೇಲೆತ್ತಿಕೊಂಡು, ಹಿಂದಕ್ಕೆ ವಾಲಿ ಕೂತಿದ್ದಳು.

"ತಗೊಳ್ಳಮ್ಮ ಇವಳನ್ನ, ಬೇಗ ತಗೋ. ಮುಂದಿನ ವಾರ ನಂಬರ್ ಬರ್ಲಿ, ಆಮೇಲೆ ನೋಡೋಣ."