ದಣಿವು ಯಾರ ಕಾರ್ಡಿಗೆ?

"ಕೈ ತೆಗೀರಿ, ಇಬ್ರೂ. ಈಗ ಕಾರ್ಡಲ್ಲಿ ಏನಿದೆಯೋ ಜೋರಾಗಿ ಓದಿ."

ಬ್ರೆಡ್ ವ್ಯಾನಿನ ಚಾಲಕ ಓದುತ್ತಾನೆ. ಅರ್ಧಕ್ಕೇ ನಿಲ್ಲಿಸುತ್ತಾನೆ.

"ಕೆಳಗಿನ ಸಣ್ಣ ಅಕ್ಷರಾನೂ."

"ಅದು ಎಲ್ರಿಗೂ ಗೊತ್ತಿರೋದೇ ಅಲ್ವಾ ಅಕ್ಕಾ."

"ಗೊತ್ತಿದ್ರೆ ನನ್ಯಾಕೆ ಕರೆದ್ರಿ?"

ಎದುರು ಕೂತವನು ಕಿಸಕ್ಕೆಂದು ನಗುತ್ತಾನೆ. ಚಾಲಕ ಸಣ್ಣ ಅಕ್ಷರಕ್ಕೆ ಇಳಿಯುತ್ತಾನೆ, ಮೂರನೆಯ ಪದಕ್ಕೆ ತಲೆ ಕೆರೆದುಕೊಳ್ಳುತ್ತಾನೆ, ತಾನೇ ತನ್ನ ಕಾರ್ಡನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಅಷ್ಟರಲ್ಲಿ ಅಕ್ಕ ನಾಲ್ಕನೆಯ ಮೇಜಿನತ್ತ ಹೊರಟಾಗಿದೆ.

ಭಾನುವಾರ, ಬೆಳಗಿನ ಆರೂವರೆ. ಪುಸ್ತಕ, ಪೆನ್ನು ಮಾರುವ ಅಂಗಡಿಯ ಮಹಡಿಯ ಮೇಲೆ ಒಂದು ಉದ್ದನೆಯ ಕೋಣೆ, ಹನ್ನೊಂದು ಮೇಜು. ಇಲ್ಲಿ ಆಡುವವರು ರಾತ್ರಿಪಾಳಿ ಮುಗಿಸಿ ಬಂದವರು: ಚಾಲಕರು, ಕಾವಲಿನವರು, ಆಸ್ಪತ್ರೆಯವರು. ಮಲಗುವ ಮುಂಚೆ ಎರಡು ಗಂಟೆ ಕಾರ್ಡಾಟ. ಎಲ್ಲರಿಗೂ ಆಕೆ ಹೊಲಿಗೆ ಅಕ್ಕ. ವಾರದ ಆರು ದಿನ ಎರಡು ಬೀದಿ ಆಚೆ ಬಟ್ಟೆ ಆಲ್ಟರ್ ಮಾಡುವ ಅಂಗಡಿಯಲ್ಲಿ ಪ್ಯಾಂಟು ಗಿಡ್ಡ ಮಾಡುತ್ತಾರೆ, ಜಿಪ್ಪು ಬದಲಿಸುತ್ತಾರೆ. ಏಳನೆಯ ದಿನ ಇಲ್ಲಿ ತೀರ್ಪು ಹೇಳುತ್ತಾರೆ.

ಆಟ ಹೀಗೆ. ಪ್ರತಿ ಕಾರ್ಡಿಗೂ ಒಂದು ಶಕ್ತಿ. ಶಕ್ತಿ ಬಳಸಿದರೆ ಕಾರ್ಡು ದಣಿಯುತ್ತದೆ, ಅದನ್ನು ಅಡ್ಡ ಮಲಗಿಸಬೇಕು; ಮಲಗಿದ್ದಷ್ಟು ಹೊತ್ತು ಬಳಸುವಂತಿಲ್ಲ. ಇಷ್ಟೇ ಆಗಿದ್ದರೆ ಅಕ್ಕನಿಗೆ ಭಾನುವಾರವೂ ರಜೆ ಸಿಗುತ್ತಿತ್ತು. ಆದರೆ 'ಕನ್ನಡಿ' ಎಂಬ ಕಾರ್ಡೊಂದಿದೆ. ಅದು ಕೈಯಲ್ಲಿದ್ದರೆ ಎದುರಾಳಿಯ ಯಾವುದೇ ಕಾರ್ಡಿನ ಶಕ್ತಿಯನ್ನು ಒಂದು ಸಲ ಎರವಲು ಪಡೆಯಬಹುದು. ಒಂದು ಬೆಳಗ್ಗೆ ಏಳುವ ಮೂವತ್ತು ಮೂವತ್ತೈದು ತಕರಾರುಗಳಲ್ಲಿ ಇಪ್ಪತ್ತು ಈ ಎರವಲಿನವೇ.

ಒಂಬತ್ತು ವರ್ಷದ ಹಿಂದೆ ಅಕ್ಕ ಇಲ್ಲಿಗೆ ಬಂದದ್ದು ಮೇಜಿನ ಬಟ್ಟೆಗಳ ಅಂಚು ಹೊಲಿಯಲು. "ಮೂಲೇಲಿ ಕೂತು ಹೊಲೀತಿದ್ದೆ. ಇವ್ರ ಕೂಗಾಟಕ್ಕೆ ಹೊಲಿಗೆ ಸೊಟ್ಟ ಆಗ್ತಿತ್ತು. ಅದೇನಿದೆ ನೋಡೋಣ ಅಂತ ನಿಯಮದ ಪುಸ್ತಕ ಕೇಳಿದೆ. ಒಬ್ಬರಾದ್ರೂ ಪೂರ್ತಿ ಓದಿರ್ಲಿಲ್ಲ." ನೂರ ಹದಿನಾಲ್ಕು ಪುಟದ ಆ ಪುಸ್ತಕಕ್ಕೆ ಈಗ ಹಳೆಯ ಕೋಟಿನ ಬಟ್ಟೆಯ ಹೊದಿಕೆ. ಮೊಣಕಾಲು ನೋವಿದ್ದರೂ ಅಕ್ಕ ಕೂರುವುದಿಲ್ಲ. ಇದಕ್ಕೆಲ್ಲ ಸಿಗುವುದು ಎರಡು ಲೋಟ ಚಹಾ. "ಮನೇಲಿ ಟೀವಿ ರಿಮೋಟ್ ಯಾರ ಕೈಲಿರ್ಬೇಕು ಅನ್ನೋದಕ್ಕೂ ನನ್ನ ತೀರ್ಪು ನಡೆಯಲ್ಲ. ಇಲ್ಲಿ ಇಪ್ಪತ್ತೆರಡು ಜನ ಕೇಳ್ತಾರಲ್ಲ, ಅದೇ ಸಂಬಳ."

ಬ್ರೆಡ್ ಚಾಲಕ ದನಿ ತಗ್ಗಿಸಿ ಹೇಳುತ್ತಾನೆ: "ಮುಂಚೆ ಗಂಟಲು ದೊಡ್ಡದಿದ್ದೋನೇ ಗೆಲ್ತಿದ್ದ. ನನ್ನ ಗಂಟಲಿಗೆ ಏನೂ ನಷ್ಟ ಇರ್ಲಿಲ್ಲ ಬಿಡಿ. ಆದ್ರೆ ಈಗ ಸೋತು ಹೋದ್ರೂ ನಿದ್ದೆ ಬರುತ್ತೆ. ಅದು ಅಕ್ಕನ ಪುಣ್ಯ."

ಅಕ್ಕನಿಗೆ ಮಾತ್ರ ನಾಲ್ಕು ವಾರದಿಂದ ನಿದ್ದೆ ಸರಿಯಿಲ್ಲ.

ಕಳೆದ ತಿಂಗಳ ಫೈನಲ್‌ನಲ್ಲಿ ಇದೇ ಚಾಲಕನ ಎದುರು ಕೂತಿದ್ದವಳು ಒಬ್ಬಳು ನರ್ಸ್. ಕೊನೆಯ ಹೊಡೆತ ತಡೆಯಲು ಅವಳು ಕನ್ನಡಿ ಹಾಕಿ, ಚಾಲಕನ 'ಕಾವಲುಗಾರ'ನ ಶಕ್ತಿಯನ್ನು ಎರವಲು ಕೇಳಿದಳು. ಕಾವಲುಗಾರ ಆಗಲೇ ದಣಿದು ಮಲಗಿದ್ದ. ಮಲಗಿದವನ ಶಕ್ತಿ ಸಿಗುವುದಿಲ್ಲ ಎಂದರು ಅಕ್ಕ. ನರ್ಸ್ ಸೋತಳು, ಕಾರ್ಡು ಕಟ್ಟಿಕೊಂಡು ಹೋದಳು. ಮತ್ತೆ ಬರಲಿಲ್ಲ.

ಕೊಟ್ಟ ತೀರ್ಪುಗಳನ್ನೆಲ್ಲ ಅಕ್ಕ ಒಂದು ನೋಟುಬುಕ್ಕಿನಲ್ಲಿ ಬರೆದು, ವಾರದ ನಡುವೆ ಪುಸ್ತಕದ ಜೊತೆ ತಾಳೆ ನೋಡುತ್ತಾರೆ. ಆ ಮಂಗಳವಾರ ಎಪ್ಪತ್ತೊಂದನೆಯ ಪುಟ ಸಿಕ್ಕಿತು. ಎರವಲು ಶಕ್ತಿ ಬಳಸಿದಾಗ ದಣಿಯಬೇಕಾದದ್ದು ಕನ್ನಡಿಯೇ. ಎದುರಾಳಿಯ ಕಾರ್ಡು ನಿಂತಿದ್ದರೇನು, ಮಲಗಿದ್ದರೇನು. "ಕೆಲಸ ಮಾಡಿದೋರು ತಾನೇ ಮಲಗ್ಬೇಕು? ಅಷ್ಟೂ ಹೊಳೀಲಿಲ್ಲ ನಂಗೆ. ಆವತ್ತು ಒಂದೇ ಪ್ಯಾಂಟನ್ನ ಎರಡು ಸಲ ಬಿಚ್ಚಿ ಹೊಲಿದೆ." ಬಹುಮಾನದ ಕಪ್ ವಾಪಸು ಕೊಡುತ್ತೇನೆಂದು ಚಾಲಕ ಬಂದ. ಮುಗಿದ ಆಟ ಮುಗಿದದ್ದೇ, ಅದೂ ನಿಯಮ. ಅಕ್ಕ ಒಂದು ಚೀಟಿ ಬರೆದು ಕೋಣೆಯ ಬಾಗಿಲಿಗೆ ಅಂಟಿಸಿದರು: 'ಫೈನಲ್‌ನಲ್ಲಿ ನಾನು ಕೊಟ್ಟ ತೀರ್ಪು ತಪ್ಪು. ಪುಟ 71 ನೋಡಿ.'

"ಆ ಹುಡುಗಿ ಒಂದ್ಸಲ ಬಂದ್ರೆ ಸಾಕು," ಎನ್ನುತ್ತಾರೆ. ಬೇರೇನು ಆಸೆ ಎಂದು ಕೇಳಿದರೂ ಇದನ್ನೇ ಹೇಳುತ್ತಾರೆ.

ಏಳೂಕಾಲಿಗೆ ಮೆಟ್ಟಿಲ ಮೇಲೆ ಸಪ್ಪಳ. ಸಮವಸ್ತ್ರದ ಮೇಲೆ ಸ್ವೆಟರ್ ಹಾಕಿಕೊಂಡ ನರ್ಸ್ ಬಾಗಿಲಲ್ಲಿ ನಿಂತು ಚೀಟಿ ಓದುತ್ತಾಳೆ. ಎರಡು ಸಲ. ಅಕ್ಕ ಪುಸ್ತಕವನ್ನು ಮೇಜಿನ ಮೇಲೇ ಬಿಟ್ಟು ಅವಳತ್ತ ಹೋಗುತ್ತಾರೆ.

"ನಿಂಗೆ ಅನ್ಯಾಯ ಮಾಡ್ಬಿಟ್ಟೆ ಕಣಮ್ಮ. ಎಲ್ರಿಗೂ ಓದಿ ಓದಿ ಅಂತೀನಿ, ಆವತ್ತು ನಾನೇ ಓದ್ಲಿಲ್ಲ."

"ಕೋಪಕ್ಕೆ ಬಿಟ್ಟಿದ್ದಲ್ಲ ಅಕ್ಕಾ, ಹಗಲು ಪಾಳಿ ಹಾಕಿದ್ರು. ನಿನ್ನೆಯಿಂದ ಮತ್ತೆ ರಾತ್ರಿ." ಅವಳು ಚೀಟಿಯ ಮಡಿಚಿದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸುತ್ತಾಳೆ. "ತಪ್ಪಾಯ್ತು ಅಂತ ಬಾಗಿಲಿಗೆ ಬರೆದು ಹಾಕೋರನ್ನ ನಾನಂತೂ ನೋಡಿಲ್ಲ. ಥ್ಯಾಂಕ್ಸ್ ಅಕ್ಕಾ."

"ಇನ್ಮೇಲೆ ನಿನ್ನ ಮೇಜಿಗೆ ತೀರ್ಪು ಹೇಳೋಕೆ ಕೆಳಗಿನ ಪುಸ್ತಕದಂಗಡಿಯವ್ರನ್ನೇ ಕಳಿಸ್ತೀನಿ. ಅವ್ರಿಗೂ ನಿಯಮ ಗೊತ್ತು."

ನರ್ಸ್ ಕುರ್ಚಿ ಎಳೆದು ಕೂರುತ್ತಾಳೆ, ಕಾರ್ಡಿನ ಕಟ್ಟು ಬಿಚ್ಚುತ್ತಾಳೆ.

"ಬೇಡ."

"ಒಂದೆರಡು ವಾರ ಆದ್ರೂ..."

"ಬೇಡ ಅಂದ್ನಲ್ಲ ಅಕ್ಕಾ. ನೀವೇ ಬರ್ಬೇಕು."