ಉಡಿಯ ಸೀರೆ ಮತ್ತು ಬಿಲ್ಲಿನ ಅಕ್ಕನ ಪಗಾರ

ಅಂಟು, ಉತ್ತತ್ತಿ, ಒಣಕೊಬ್ಬರಿ, ಗಸಗಸೆ, ಬೆಲ್ಲ, ತುಪ್ಪ ಎಲ್ಲ ಸೇರಿ ಎರಡು ಸಾವಿರದ ಮುನ್ನೂರು ರೂಪಾಯಿ ಆಯಿತು. ಕಿರಾಣಿಯವ ಎರಡು ಸಾವಿರದ ಏಳುನೂರು ಹೇಳಿದ್ದ. ಅಂಟಿನಲ್ಲಿ ಪುಡಿಯೇ ಹೆಚ್ಚಿದೆ ಎಂದು ಅಂಗೈ ಮೇಲೆ ಹರವಿ ತೋರಿಸಿದೆ, ಇಳಿದ. ನನ್ನ ಹೊಲಿಗೆ ಘಟಕದಲ್ಲಿ ಕಾಜಾ-ಗುಂಡಿ ನೋಡಿಕೊಳ್ಳುವ ಹುಡುಗಿ ಚೊಚ್ಚಲ ಬಾಣಂತನಕ್ಕೆ ತವರಿಗೆ, ಬಾದಾಮಿಗೆ ಹೊರಟಿದ್ದಳು. ಅವಳಿಗೆ ಅಂಟಿನ ಉಂಡೆ ಕಟ್ಟಿಕೊಡಬೇಕಿತ್ತು. ರಜೆಯ ಪಗಾರ ಅವಳ ಖಾತೆಗೆ ಹೋಗುವುದು ಬೇರೆ, ಈ ಉಂಡೆಯ ಖರ್ಚು ಬೇರೆ. ಇವೆರಡನ್ನೂ ಬೇರೆಬೇರೆ ಇಡಬೇಕೆಂದು ನಾನು ಕಲಿತದ್ದು ಒಬ್ಬಳಿಂದ.

ಇಳಕಲ್ಲಿನ ನಮ್ಮ ಅಡುಗೆಮನೆಯಲ್ಲಿ ಅಂಟು ತುಪ್ಪದಲ್ಲಿ ಅರಳತೊಡಗಿದಾಗ ಆ ವಾಸನೆಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಜಾಲರಿ ಸೌಟನ್ನು ತಂಗಿಯ ಕೈಗೆ ಕೊಟ್ಟು ಅಂಗಳಕ್ಕೆ ಬಂದೆ. ಒಳಗೆ ಹೋದೆ. ಮತ್ತೆ ಹೊರಗೆ ಬಂದೆ. ಬಿಲ್ಲಿನ ಅಕ್ಕ ಕೂಸನ್ನು ಎತ್ತಿಕೊಂಡು ಅಂಗಡಿಗೆ ಬಂದ ಮಧ್ಯಾಹ್ನ ಅವಳ ಸೆರಗಿನಿಂದ ಇದೇ ವಾಸನೆ ಬರುತ್ತಿತ್ತು...

ಆಗ ನಾನು ಬಾಗಲಕೋಟೆಯ ನವನಗರದ ಒಂದು ಸೀರೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸಕ್ಕಿದ್ದೆ. ನಾವೆಲ್ಲ ಬಿಲ್ಲಿನ ಅಕ್ಕ ಎನ್ನುತ್ತಿದ್ದವಳು ಬಿಲ್ಲಿನ ಮೇಜಿನ ಹಿಂದೆ ಕೂಡುತ್ತಿದ್ದಳು, ಪೆನ್ನನ್ನು ತುರುಬಿಗೆ ಸಿಕ್ಕಿಸಿಕೊಂಡು. ನಾನು ಮಾತಿನಿಂದ ಮಾರುತ್ತಿದ್ದೆ, ಅವಳು ಒಮ್ಮೊಮ್ಮೆ ಒಂದೇ ಮಾತಿನಿಂದ ಕೆಡಿಸುತ್ತಿದ್ದಳು. "ಸೀರಿ ಚಂದ ಐತ್ರಿ, ಆದರ ನಿಮ್ಮ ಮಗಳ ಬಣ್ಣಕ್ಕ ಅಲ್ಲ" ಎಂದು ಬಿಲ್ ಬರೆಯುವ ಹೊತ್ತಿಗೆ ಅಂದುಬಿಡುತ್ತಿದ್ದಳು. ಅವಳ ಇನ್ನೊಂದು ಗುಣವೆಂದರೆ, ಯಾರಿಂದ ಏನು ಪಡೆದರೂ ತಿರುಗಿ ಕೊಡದೆ ಇರಲಾರಳು. ಬೆಳಿಗ್ಗೆ ಒಂದು ಪೇರಲ ಹಣ್ಣು ಕೊಟ್ಟರೆ ಸಂಜೆಯೊಳಗೆ ನನ್ನ ಕೈಯಲ್ಲಿ ಶೇಂಗಾದ ಪೊಟ್ಟಣ ಇರುತ್ತಿತ್ತು.

ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ಅಕ್ಕನಿಗೆ ದಿನ ನಿಂತವು. ಗಂಡನಿಗೆ ಗಟ್ಟಿಯಾದ ಕೆಲಸವಿರಲಿಲ್ಲ. ಮನೆ ನಡೆಯುತ್ತಿದ್ದದ್ದೇ ಅವಳ ಪಗಾರದ ಮೇಲೆ. ಬಾಣಂತನಕ್ಕೆ ತವರಿಗೆ ಹೋದರೆ ಪಗಾರ ನಿಲ್ಲುತ್ತದೆ, ತಿರುಗಿ ಬರುವಷ್ಟರಲ್ಲಿ ಕುರ್ಚಿ ಇರುತ್ತದೋ ಇಲ್ಲವೋ. ಅವಳಿಗೆ ಇದೇ ಚಿಂತೆ. ಅದೇ ದಿನಗಳಲ್ಲಿ ಒಬ್ಬ ಮಹಿಳಾ ವಕೀಲರು ಮಗಳ ಮದುವೆಯ ಸೀರೆಗೆ ಬಂದಿದ್ದರು. ಅವರಿಗೆ ಸೀರೆ ಬಿಡಿಸಿ ತೋರಿಸುತ್ತಲೇ ಅಕ್ಕನ ಮಾತು ತೆಗೆದೆ.

"ಅಂಗಡ್ಯಾಗ ಎಷ್ಟು ಮಂದಿ ಅದೀರಿ?" ಎಂದು ಕೇಳಿದರು.

"ಹತ್ತರ ಮ್ಯಾಲೆ ಅದೇವ್ರಿ."

"ಹಂಗಾರ ಹೆರಿಗಿ ಕಾಯ್ದೆ ನಿಮಗೂ ಬರ್ತೈತಿ. ಪಗಾರದ ರಜಾ ಕೊಡಬೇಕು, ಕೆಲಸಾನೂ ಉಳಸಬೇಕು. ಆಕಿಗೆ ಬರದು ಕೊಡಾಕ ಹೇಳು."

ಅಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗಲೇ ಅಕ್ಕನಿಗೆ ಹೇಳಿದೆ. "ಕುಬಸಕ್ಕ ಮೊದಲ ಕೇಳಕ್ಕಾ. ಸಾವಕಾರ್ರ ಮನಿಯವರು ಉಡಿ ತುಂಬಿದ ಮ್ಯಾಲೆ ನಿನ್ನ ಬಾಯಿ ಏಳೂದಿಲ್ಲ."

"ಕೇಳ್ತೇನಿ ಬಿಡ ತಂಗಿ. ಗಿರಾಕಿ ಸಾಲದು ಅಂತ ನನ್ನ ಕೂಡನೂ ರೇಟ್ ಹಚ್ಚತಿಯಲ್ಲ."

ಇವತ್ತು ಅಂಗಡಿಯ ಸಾವಕಾರರು ಸಿಟ್ಟಿನಲ್ಲಿದ್ದಾರೆ, ನಾಳೆ ಅಮಾವಾಸ್ಯೆ, ನಾಡಿದ್ದು ಸೂರತ್ತಿನ ಮಾಲು ಬರುತ್ತದೆ... ಹೀಗೆ ಮುಂದೂಡುತ್ತ ಅಕ್ಕ ಅವರನ್ನು ಕೇಳಲೇ ಇಲ್ಲ. ಕುಬಸ, ಅಂದರೆ ಸೀಮಂತ, ಬಂದೇ ಬಂತು. ಸಾವಕಾರರ ಹೆಂಡತಿಯನ್ನು ನಾವೆಲ್ಲ ಅವ್ವಾರು ಎನ್ನುತ್ತಿದ್ದೆವು. ಅವರು ಅಂಗಡಿಯಲ್ಲೇ ಅಕ್ಕನನ್ನು ಮಣೆ ಮೇಲೆ ಕೂಡ್ರಿಸಿ, ಹಸಿರು ಬಳೆ ಇಡಿಸಿ, ಕೆಂಪು ಸೆರಗಿನ ಇಳಕಲ್ ಸೀರೆ, ರವಿಕೆಯ ಕಣ, ಕೊಬ್ಬರಿ, ಅಕ್ಕಿ ಹಾಕಿ ಉಡಿ ತುಂಬಿದರು. ಸೀರೆ ಅಗ್ಗದ್ದಲ್ಲ, ಅದರ ಬೆಲೆ ನನಗೆ ಗೊತ್ತಿತ್ತು. ಸಾವಕಾರರು "ಆರಾಮ ಹೋಗಿ ಬಾರವಾ, ಅಂಗಡಿ ನಿಂದ" ಅಂದರು. ಅಕ್ಕನ ಕಣ್ಣು ತುಂಬಿದವು. ಎಲ್ಲರ ಕಾಲು ಮುಟ್ಟಿ ಹುನಗುಂದಕ್ಕೆ ಹೊರಟಳು. ರಜೆಗಾಗಿ ಒಂದು ಸಾಲೂ ಬರೆದು ಕೊಡಲಿಲ್ಲ.

ಪಗಾರ ಬರಲಿಲ್ಲ. ಸಾವಕಾರರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಕಾಯ್ದೆಗಿಂತ ಹೆಚ್ಚಿನದನ್ನೇ ಮಾಡಿದ್ದೇನೆ ಎಂದು ಅವರು ನಂಬಿದ್ದರು, ಅಷ್ಟೆ. ಇತ್ತ ಬಿಲ್ಲಿನ ಕುರ್ಚಿಗೆ ಅವರ ಬೀಗರ ಕಡೆಯ ಒಬ್ಬ ಹುಡುಗಿ ಬಂದು ಕೂತಳು.

ಕೂಸು ಕುತ್ತಿಗೆ ನಿಲ್ಲಿಸುವಷ್ಟಾದಾಗ ಅಕ್ಕ ಬಂದಳು. ಬರುವ ಮೊದಲು ಫೋನಿನಲ್ಲಿ ಅವಳಿಗೆ ಹೇಳಿದ್ದೆ: "ನೀ ಬರೇ ಕುಂದ್ರು. ಮಾತು ನಾ ಆಡ್ತೇನಿ." ಊಟದ ನಂತರದ ಹೊತ್ತು, ಗಿರಾಕಿ ಇರಲಿಲ್ಲ. ಅವ್ವಾರೂ ಅಂಗಡಿಯಲ್ಲೇ ಇದ್ದರು. ಕೂಸನ್ನು ತೊಡೆ ಮೇಲೆ ಹಾಕಿಕೊಂಡು ಆಡಿಸಿದರು. ಸಮಯ ನೋಡಿ ನಾನು ಮಾತು ತೆಗೆದೆ.

"ನಾ ಏನ ಕಡಿಮಿ ಮಾಡೇನಿ?" ಅಂದರು ಸಾವಕಾರರು. "ಮಗಳ ಹಂಗ ಉಡಿ ತುಂಬಿ ಕಳಿಸೇವಿ."

"ಮಗಳು ಬಾಣಂತನಕ್ಕ ಹೋಗಿ ಬರೂದ್ರಾಗ ಆಕಿ ಕುರ್ಚಿ ಮ್ಯಾಲೆ ಬ್ಯಾರೇದಾಕಿನ್ನ ಕುಂಡ್ರಸ್ತಾರೇನ್ರಿ ಸಾವಕಾರ್ರ?"

ಅವರು ನಕ್ಕುಬಿಟ್ಟರು. "ಇಕಿ ಬಾಯಿ ನೋಡು. ನನ್ನ ಅಂಗಡ್ಯಾಗ ಕಲ್ತು ನನಗ ಸೀರಿ ಮಾರ್ತಾಳ."

ಗಿರಾಕಿ ನಕ್ಕರೆ ವ್ಯಾಪಾರ ಅರ್ಧ ಆಯಿತೆಂದು ನನಗೆ ಗೊತ್ತು. ಎರಡು ತಿಂಗಳ ಪಗಾರ ಕೊಡುತ್ತೇನೆ ಅಂದರು. ಕಾಯ್ದೆ ಆರು ತಿಂಗಳು ಅನ್ನುತ್ತದೆ ಅಂದೆ. ಮೂರಕ್ಕೆ ಬಂದರು. ಕುರ್ಚಿಯ ಮಾತಿಗೆ ಕುತ್ತಿಗೆ ತುರಿಸಿಕೊಂಡು "ನೋಡೂಣು" ಅಂದರು. ಇನ್ನೊಂದು ಚಹಾ ಬರಲಿ, ಅಷ್ಟರಲ್ಲಿ ಇವರನ್ನು ಆರಕ್ಕೆ ತರುತ್ತೇನೆ ಅಂದುಕೊಂಡೆ.

ಆಗ ಅಕ್ಕ ಕೈಚೀಲ ಬಿಚ್ಚಿದಳು. ಕುಬಸದ ಸೀರೆ, ಮಡಿಕೆ ಮುರಿಯದೆ ಹಾಗೆಯೇ ಇತ್ತು. ತೆಗೆದು ಮೇಜಿನ ಮೇಲೆ ಇಟ್ಟಳು.

"ಇದನ್ನ ತಗೊಳ್ರಿ ಅವ್ವಾರ. ಇದನ್ನ ಇಟಗೊಂಡು ಪಗಾರ ಕೇಳಾಕ ನನಗ ಮಾರಿ ಇಲ್ಲ."

ಅವ್ವಾರು ಕೂಸನ್ನು ಮೆಲ್ಲನೆ ಎತ್ತಿ ಅಕ್ಕನ ಕೈಗೆ ಕೊಟ್ಟರು. "ಹಾಲು ಕುಡಿಯೂ ಕೂಸಿನ್ನ ಕಂಕುಳಾಗ ಇಟಗೊಂಡು ಉಡಿ ತಿರುಗಿ ಕೊಡಾಕ ಬಂದೀಯೇನವಾ?" ದನಿ ಏರಿಸಲಿಲ್ಲ. ಏರಿಸಿದ್ದರೆ ನಾನು ಏನಾದರೂ ಅನ್ನುತ್ತಿದ್ದೆ.

ಸಾವಕಾರರು ಎದ್ದರು. "ಇನ್ನ ಮಾತು ಬ್ಯಾಡ. ನಮ್ಮ ಮನಿ ಉಡಿ ಬ್ಯಾಡಾದಾಕಿಗೆ ನಮ್ಮ ರೊಕ್ಕ ಯಾಕ ಬೇಕು?"

ಅಕ್ಕ ಹೆದರಿಹೋದಳು, ತಾನು ಮಾಡಿದ್ದಕ್ಕೆ ತಾನೇ. ಚಪ್ಪಲಿ ಹುಡುಕಿ ಮೆಟ್ಟಿಲಿಳಿದಳು. ಆಟೋ ನಿಲ್ಲುವಲ್ಲಿಯವರೆಗೆ ಬೆನ್ನು ಹತ್ತಿ ಹೋದೆ.

"ಯಾಕ ಹಂಗ ಮಾಡಿದೆಕ್ಕಾ? ಕೈಗೆ ಬಂದಿತ್ತಲ್ಲ."

"ಅವರದು ಅವರಿಗೆ ಮುಟ್ಟಿದ ಮ್ಯಾಲೆನ ನಂದು ನಾ ಕೇಳಬೇಕು ತಂಗಿ. ಇಲ್ಲಂದ್ರ ಅದು ಹ್ಯಾಂಗ ಹಕ್ಕ ಆಕೈತಿ?"

ಕಾಯ್ದೆಗೂ ಸೀರೆಗೂ ಸಂಬಂಧವಿಲ್ಲ ಎಂದು ಹೇಳಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ. ವಕೀಲರು ದೂರು ಕೊಡಲು ಇನ್ನೂ ದಾರಿಯಿದೆ ಅಂದರು. ಆದರೆ ಮರುದಿನ ಕೂಸಿಗೆ ಜ್ವರ ಬಂತು. ಉಡಿ ತಿರುಗಿ ಕೊಟ್ಟಿದ್ದಕ್ಕೇ ಹೀಗಾಯಿತು ಅಂದಳಂತೆ ಅವಳ ತಾಯಿ. ಜ್ವರ ಬಿಟ್ಟಿತು, ಅಕ್ಕನ ಮನಸ್ಸು ಮಾತ್ರ ಆ ಮಾತಿನಿಂದ ಬಿಡಿಸಿಕೊಳ್ಳಲಿಲ್ಲ. ದೂರಿನ ಅರ್ಜಿಗೆ ಸಹಿ ಮಾಡಲಿಲ್ಲ. ಸ್ವಲ್ಪ ದಿನಕ್ಕೆ ಗಂಡ ಹೆಂಡತಿ ಕೂಸು ಕಟ್ಟಿಕೊಂಡು ಗೋವೆಗೆ ಕೂಲಿಗೆ ಹೋದರೆಂದು ತಿಳಿಯಿತು. ತುರುಬಿನಲ್ಲಿ ಪೆನ್ನು ಸಿಕ್ಕಿಸಿಕೊಳ್ಳುತ್ತಿದ್ದವಳು ಅಲ್ಲಿ ಏನು ಹೊತ್ತಳೋ...

ಅವಳ ಫೋನ್ ನಂಬರು ಈಗ ಬೇರೆ ಯಾರದೋ ಆಗಿದೆ. ಹುನಗುಂದದವರು ಯಾರು ಸಿಕ್ಕರೂ ಕೇಳುತ್ತೇನೆ; ತವರಿನವರೂ ಊರು ಬಿಟ್ಟಿದ್ದಾರಂತೆ. ಇಷ್ಟು ವರ್ಷದಲ್ಲಿ ಎಷ್ಟೋ ವ್ಯಾಪಾರ ಕುದುರಿಸಿದ್ದೇನೆ, ಕೆಲವು ಕಳೆದುಕೊಂಡಿದ್ದೇನೆ, ಮರೆತೂ ಇದ್ದೇನೆ. ಇದೊಂದು ಮಾತ್ರ ಮುಗಿಯುವುದಿಲ್ಲ. ನಮ್ಮ ಹುಡುಗಿಯನ್ನು ಬಾದಾಮಿಯ ಬಸ್ಸಿಗೆ ಹತ್ತಿಸಿ ಬಂದ ಮೇಲೂ ಮನೆಯಲ್ಲಿ ಕೂಡಲಾಗದೆ ಇದನ್ನು ಬರೆಯಲು ಕೂತೆ. ಅಕ್ಕ ಓದುವುದಿಲ್ಲ, ಗೊತ್ತು. ನೀವು ಓದುತ್ತಿದ್ದೀರಿ, ಅದಕ್ಕೇ ಹೇಳುತ್ತೇನೆ.

ನಿಮ್ಮ ಅಂಗಡಿಯಲ್ಲಿ, ಆಫೀಸಿನಲ್ಲಿ ಎಷ್ಟು ಜನ ಇದ್ದೀರಿ, ಮೊದಲು ಎಣಿಸಿ. ಕಸ ಗುಡಿಸುವವರನ್ನೂ ಗೋದಾಮಿನವರನ್ನೂ ಬಿಡಬೇಡಿ. ಹತ್ತು ಮುಟ್ಟಿದರೆ ಕಾಯ್ದೆ ನಿಮ್ಮದು. ಹೆರಿಗೆಗೆ ಮುಂಚಿನ ಒಂದು ವರ್ಷದಲ್ಲಿ ಎಂಬತ್ತು ದಿನ ದುಡಿದಿದ್ದರೆ ಸಾಕು, ಮೊದಲೆರಡು ಹೆರಿಗೆಗೆ ಇಪ್ಪತ್ತಾರು ವಾರ ಪಗಾರದ ರಜೆ. ಪಗಾರದಲ್ಲಿ ಇಎಸ್ಐ ಹಿಡಿಯುತ್ತಿದ್ದರೆ ಆ ಹಣ ಅಲ್ಲಿಂದ ಬರುತ್ತದೆ, ಅಲ್ಲೇ ವಿಚಾರಿಸಿ. ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವಂತಿಲ್ಲ. ತೆಗೆದರೆ ಸುಮ್ಮನೆ ಕೂಡದೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಹತ್ತಕ್ಕಿಂತ ಕಡಿಮೆ ಇದ್ದೀರೋ, ಆಗ ಕಾಯ್ದೆಗಿಂತ ನಿಮ್ಮ ಬಾಯಿಯೇ ಕೆಲಸಕ್ಕೆ ಬರುತ್ತದೆ: ಎಷ್ಟು ತಿಂಗಳು, ಎಷ್ಟು ಪಗಾರ, ಕುರ್ಚಿ ಯಾರದು, ಹೋಗುವ ಮುಂಚೆಯೇ ಕುದುರಿಸಿ ಮೊಬೈಲಿನಲ್ಲಾದರೂ ಬರೆಸಿಕೊಳ್ಳಿ. ರಜೆಯ ಅರ್ಜಿ ಕೊಟ್ಟಾಗ ತಲುಪಿತೆಂದು ಸಹಿ ಹಾಕಿಸಿ, ಒಂದು ಫೋಟೋ ತೆಗೆದಿಡಿ. ಇದೆಲ್ಲ ಕುಬಸಕ್ಕೆ ಮೊದಲು.

ಆಮೇಲೆ ಅವರು ಉಡಿ ತುಂಬಿದರೆ ಸಂತೋಷವಾಗಿ ತುಂಬಿಸಿಕೊಳ್ಳಿ, ಆ ಸೀರೆಯನ್ನು ಉಟ್ಟುಕೊಂಡೇ ಪಗಾರ ಕೇಳಲು ಹೋಗಿ. ನಿಮ್ಮದನ್ನು ನೀವು ಕೇಳುವುದಕ್ಕೆ ಯಾರಿಗೂ ಏನನ್ನೂ ತಿರುಗಿ ಕೊಡಬೇಕಾಗಿಲ್ಲ.