ಒಂಬತ್ತಲ್ಲ, ಏಳು

ಬೆಳಗಿನ ಐದೂವರೆ. ಅಲೆಕ್ಸಾಂಡ್ರಿಯಾದ ಸರ್ಕಾರಿ ಸಂಶೋಧನಾಲಯವೊಂದರ ಎರಡನೇ ಮಹಡಿಯಲ್ಲಿ ನಗ್ಲಾ ಶಹಾತಾ ಕೋಟು ಕೂಡ ಬಿಚ್ಚದೆ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಪ್ರೋಟಾನ್ ಕಿರಣ ಸತುವಿಗೆ ಬಡಿದರೆ ಎಷ್ಟು ವಿಕಿರಣಶೀಲ ಗ್ಯಾಲಿಯಂ ಹುಟ್ಟುತ್ತದೆಂದು ಮೊದಲೇ ಲೆಕ್ಕ ಹಾಕಿ ಹೇಳುವ ತಂತ್ರಾಂಶ ಅದರಲ್ಲಿದೆ. ಇವತ್ತಿನ ಉತ್ತರ: ಒಂಬತ್ತು ರೋಗಿಗಳ ಸ್ಕ್ಯಾನಿಗೆ ಆಗುವಷ್ಟು. ನಗ್ಲಾ ನಂಬುವುದಿಲ್ಲ. ಹಾಳೆಯ ಮೇಲೆ ಪೆನ್ಸಿಲಿನಲ್ಲಿ ತಿದ್ದಿ, ಆಸ್ಪತ್ರೆಯಲ್ಲಿ ಔಷಧ ತಯಾರಿಸುವ ವಗ್ದಿಗೆ ಫೋನ್ ಹಚ್ಚುತ್ತಾರೆ.

"ಎದ್ದಿದ್ದೀಯೇನೋ? ಒಂಬತ್ತಲ್ಲ, ಏಳು. ಇಬ್ಬರಿಗೆ ನಾಳೆ ಬನ್ನಿ ಅನ್ನು."

"ನೀವಿರೋವಾಗ ನಿದ್ದೆ ಎಲ್ಲೀದು ನಗ್ಲಾ ಅಕ್ಕಾ? ನಮ್ಮ ಬೀದಿ ಹುಂಜಾನೂ ನಿಮ್ಮನ್ನ ಕೇಳೇ ಕೂಗೋದು."

ದಮನ್‌ಹೂರ್ ಕಡೆಯ ರೋಗಿಗಳು ಆರಕ್ಕೆ ಮೈಕ್ರೋಬಸ್ ಹತ್ತುತ್ತಾರೆ, ಅಷ್ಟರೊಳಗೆ ಸುದ್ದಿ ಮುಟ್ಟಬೇಕು. ಗ್ಯಾಲಿಯಂ ಗಂಟೆ ಚಿಲ್ಲರೆಯಲ್ಲಿ ಅರ್ಧಕ್ಕೆ ಇಳಿಯುವ ವಸ್ತು, ನಿನ್ನೆ ಮಾಡಿ ಇವತ್ತಿಗೆ ಇಡುವಂತಿಲ್ಲ. ಮೊದಲೆಲ್ಲ ಆಸ್ಪತ್ರೆಯವರು ತಂತ್ರಾಂಶವನ್ನೇ ನಂಬಿ ಒಂಬತ್ತು ಜನರನ್ನು ಕರೆಯುತ್ತಿದ್ದರು. ಔಷಧ ಸಾಲದೆ ಕೊನೆಯ ಇಬ್ಬರು ಸಂಜೆವರೆಗೆ ಕಾದು ಹಿಂತಿರುಗುತ್ತಿದ್ದರು. ತಪ್ಪು ಹೊರಿಸಿದ್ದು ಕಿರಣದ ಯಂತ್ರ ನಡೆಸುವ ಬಿಶಾರಾನ ಮೇಲೆ. ಸೋಮಾರಿ ಎಂದು ಬರೆದು ಅವನನ್ನು ಉಗ್ರಾಣಕ್ಕೆ ಹಾಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ನಿಜ ಹುಡುಕಿದವರು ನಗ್ಲಾ. ಕಾಗದದಲ್ಲಿ ಅವರ ಹುದ್ದೆ ಬೆರಳಚ್ಚುಗಾರ್ತಿ. ಭೌತಶಾಸ್ತ್ರದ ಪದವಿ ಇದ್ದರೂ ಅಪ್ಪ ತೀರಿಕೊಂಡ ವರ್ಷ ಸಿಕ್ಕಿದ್ದು ಇದೇ ಕೆಲಸ. ಮೂವತ್ತೊಂದು ವರ್ಷಗಳಿಂದ ಮಾಡುತ್ತಿರುವುದು ಮಾತ್ರ ಬೇರೆಯೇ. ಹಳೆಯ ಪ್ರಬಂಧಗಳ ನಕ್ಷೆಗಳ ಮೇಲೆ ಭೂತಗನ್ನಡಿ ಇಟ್ಟು, ಒಂದೊಂದು ಚುಕ್ಕೆಯನ್ನೂ ಅಳೆದು ಅಂಕಿಯಾಗಿಸುತ್ತಾರೆ. ಈ ತನಕ ನಲವತ್ತು ಸಾವಿರ ಚುಕ್ಕೆ. ಆ ಚುಕ್ಕೆಗಳಿಗೆ ಹೊಂದಿಸಿಯೇ ದೊಡ್ಡವರು ತಮ್ಮ ಮಾದರಿಗಳನ್ನು ಕಟ್ಟುವುದು.

ಹಾಗೆ ಅಳೆಯುವಾಗಲೇ ಸತುವಿನಿಂದ ಗ್ಯಾಲಿಯಂ ಹುಟ್ಟಿಸುವ ಕುರಿತ ಅರವತ್ತರ ದಶಕದ ಪ್ರಬಂಧವೊಂದರ ಅಡಿಟಿಪ್ಪಣಿ ಅವರ ಕಣ್ಣಿಗೆ ಬಿತ್ತು. ಆ ಪ್ರಯೋಗ ಮಾಡಿದವರು ಕಿರಣದ ಬಲ ತಿಳಿಯಲು ತಾಮ್ರದ ತಗಡೊಂದನ್ನು ಅಳತೆಗೋಲಾಗಿ ಬಳಸಿದ್ದರು. ಆ ಅಳತೆಗೋಲೇ ತಪ್ಪೆಂದು ಆಮೇಲೆ ಜಗತ್ತಿಗೆಲ್ಲ ಗೊತ್ತಾಗಿತ್ತು, ಈ ಅಂಕಿಗಳನ್ನು ಮಾತ್ರ ಯಾರೂ ತಿದ್ದಿರಲಿಲ್ಲ. "ಗಜಕಡ್ಡೀನೇ ಗಿಡ್ಡ ಇದ್ರೆ ಎಂಟು ಗಜದ ಬಟ್ಟೆ ಹತ್ತು ಗಜ ಆಗುತ್ತೆ, ಅಷ್ಟೇ ನೋಡಿ. ಇದಕ್ಕೆ ಡಾಕ್ಟರೇಟ್ ಬೇಕಾ?" ಎಂದು ನಗುತ್ತಾರೆ ನಗ್ಲಾ.

ಅವರ ಬಗ್ಗೆ ಬರೆಯಲು ಬಂದ ನನಗೆ ನಗು ಬರುವುದಿಲ್ಲ. ತಂತ್ರಾಂಶದ ಒಳಗೆ ಕೈಹಾಕುವ ಅಧಿಕಾರ ವಿಭಾಗದ ಮುಖ್ಯಸ್ಥರೊಬ್ಬರಿಗೇ ಇದೆ, ತಪ್ಪು ಚುಕ್ಕೆಗಳಿಗೆ ಮಾದರಿ ಹೊಂದಿಸಿ ಹೆಸರು ಮಾಡಿದವರೂ ಅವರೇ. ನಗ್ಲಾ ಬರೆದುಕೊಟ್ಟ ತಿದ್ದುಪಡಿ ಹದಿನಾಲ್ಕು ತಿಂಗಳಿಂದ ಅವರ ಮೇಜಿನ ಮೇಲಿದೆ. ಕೇಳಲು ಹೋದಾಗ ಸಿಕ್ಕ ಉತ್ತರ: "ಮದಾಮ್, ನೀವು ಟೈಪ್ ಮಾಡ್ಕೊಂಡಿರಿ. ಭೌತಶಾಸ್ತ್ರ ನಮಗಿರಲಿ." ಕಿರಣದ ಶಕ್ತಿ ದಿನದಿನಕ್ಕೆ ಬದಲಾಗುವುದರಿಂದ ವಗ್ದಿಗೆ ಒಂದೇ ಸಲ ಹೇಳಿ ಮುಗಿಸುವಂತೆಯೂ ಇಲ್ಲ. ಹಾಗಾಗಿ ಈ ಪೆನ್ಸಿಲ್, ಈ ಫೋನ್. ಅಂದಿನಿಂದ ಒಬ್ಬ ರೋಗಿಯೂ ಬರಿಗೈಲಿ ಹೋಗಿಲ್ಲ. ವಾರ್ಷಿಕ ವರದಿಯಲ್ಲಿ ಮುಖ್ಯಸ್ಥರು ಅದನ್ನೇ "ನಮ್ಮ ಮಾದರಿಯ ನಿಖರತೆ" ಎಂದು ಅಚ್ಚು ಹಾಕಿಸಿಕೊಂಡಿದ್ದಾರೆ! ಮೈ ಉರಿಯದೆ ಇದ್ದೀತೇ?

ಮುಂದಿನ ತಿಂಗಳ ಕೊನೆಗೆ ನಗ್ಲಾಗೆ ಅರವತ್ತು, ನಿವೃತ್ತಿ. ಹುದ್ದೆಯೂ ಅವರೊಂದಿಗೇ ರದ್ದಾಗುತ್ತದೆ. ಆಮೇಲೆ ಬೆಳಗ್ಗೆ ಆಸ್ಪತ್ರೆಗೆ ನಿಜ ಹೇಳುವವರು ಯಾರೂ ಇಲ್ಲ.

"ನಿಮ್ಮ ಹೆಸರು ಬರಲಿ ಅಂತ ಅನಿಸೋದಿಲ್ವಾ?" ಎಂದು ಕೇಳುತ್ತೇನೆ. ಅವರು ರೊಟ್ಟಿ ಮುರಿದು, ಕಾಳು ಬೇಯಿಸಿ ಮಸೆದ ಫೂಲ್‌ನಲ್ಲಿ ಅದ್ದಿ, ನಿಧಾನಕ್ಕೆ ಅಗಿಯುತ್ತಾರೆ.

"ಅನಿಸ್ತಿತ್ತು. ಈಗ ಅಷ್ಟೊಂದು ದಿನ ಇಲ್ಲ. ತಾವೇ ಕಂಡುಹಿಡಿದದ್ದು ಅಂತ ಮುಖ್ಯಸ್ಥರು ಬರ್ಕೊಳ್ಳಲಿ, ಹೆಸರು ಅವರದ್ದೇ ಇರಲಿ. ನಾನು ಹೋಗೋದರೊಳಗೆ ತಿದ್ದಿದರೆ ಸಾಕು. ಬೇಕಿದ್ರೆ ಅದನ್ನೂ ನಾನೇ ಟೈಪ್ ಮಾಡಿಕೊಡ್ತೀನಿ, ಒಂದು ಅಕ್ಷರ ತಪ್ಪಿಲ್ಲದ ಹಾಗೆ."